ನಮ್ಮಪ್ಪನ ಎರಡು ಮೈಲಿ ಸಡಕು

ಮನಿ ಸಡಕಿನ ದಂಡ್ಯಾಗಿದ್ರ ನಗೂ ಪ್ರಸಂಗಕ್ಕ ಬರಗಾಲ ಇಲ್ಲ. ನನಗ ಮಾತಾಡಾಕ ನಾಚಿಕಿ, ಅದಕ್ಕ ಇಷ್ಟು ದಿನಾ ಯಾರ ಮುಂದೂ ಹೇಳಿಲ್ಲ.

ನಮ್ಮಪ್ಪ ಸಡಕು ದುರಸ್ತಿ ಗ್ಯಾಂಗಿನ ಮುಕಾದಮ, ಅಂದ್ರ ಮೇಸ್ತ್ರಿ. ತಡಸದಿಂದ ಶಿಗ್ಗಾಂವ ಕಡೆ ಎರಡು ಮೈಲಿ ಅವನ ಪಾಲಿಂದು. ಯುದ್ಧದ ಲಾರಿ ಓಡಾಡಾಕ ಹತ್ತಿದ ಮ್ಯಾಲೆ ಓವರ್ಸೀಯರ್ ಸಾಹೇಬ್ರು ಹೇಳಿಕಳಿಸಿದ್ರು: "ಸೋಮವಾರ ನೋಡಾಕ ಬರ್ತೇನಿ. ಒಂದು ಕಸಾ ಕಂಡ್ರೂ ನಿನ್ನ ಕೆಲಸದಿಂದ ತಗದು ಹಾಕ್ತೇನಿ." ಅವತ್ತಿಂದ ಅಪ್ಪ ಕೈಯಾಗಿನ ಕಸಬರಗಿ ಕೆಳಗ ಇಡಲಿಲ್ಲ.

೧. ಎತ್ತಿನ ರುಚಿ

ಶನಿವಾರ ಸವಣೂರಿನ ಗಾಡಿಯಾಂವ ಒಬ್ಬ ಗಿಡದ ನೆಳ್ಳಾಗ ಬುತ್ತಿ ಉಂಡು, ಎಲಿ ಅಲ್ಲೇ ಬಿಟ್ಟು ಗಾಡಿ ಹೂಡಿದ. ಅಪ್ಪ ಓಡಿಹೋದ.

"ಅಣ್ಣಾ, ಎಲಿ ಯಾಕ ಒಗದಿ?"

"ಒಗದಿಲ್ರಿ ಮುಕಾದಮ್ರ. ಉಳಿದದ್ದು ಎತ್ತು ತಿನ್ಲಿ ಅಂತ ಇಟ್ಟಿದ್ದೆ."

"ಅದು ಮೂಸಿ ಮಾರಿ ತಿರುವೇತಲ್ಲೋ!"

"ಅದಕ್ಕೂ ನಮ್ಮನಿಯಾಕಿ ಅಡಿಗಿ ಗೊತ್ತೈತ್ರಿ."

೨. ಕಡ್ಡಿ ಕಾವಲು

ಸಡಕಿನ ಸಗಣಿಗೆ ಯಾರು ಮೊದಲ ಕಡ್ಡಿ ಚುಚ್ಚತಾರೋ ಅದು ಅವರದ. ಬ್ಯಾರೇದವ್ರು ಮುಟ್ಟಾಂಗಿಲ್ಲ, ಅದು ನಮ್ಮ ಕಡೆ ಪದ್ಧತಿ. ರವಿವಾರ ಸಂಜಿಮುಂದ ದನಾ ಹಾದುಹೋದ ಮ್ಯಾಲೆ ನೋಡಿದ್ರ, ಹಾದಿ ತುಂಬ ಕಡ್ಡಿ! ಎಲ್ಲಾ ಕುಳ್ಳು ತಟ್ಟೋ ಒಬ್ಬಾಕಿ ಮುದುಕೀವು.

"ಆಯೀ, ಲಗೂ ಬಳಕೊಂಡು ಹೋಗ" ಅಂದ ಅಪ್ಪ.

"ಬುಟ್ಟಿ ತುಂಬೇತೋ ತಮ್ಮಾ. ಮನ್ಯಾಗ ಹಾಕಿ ಬರ್ತೇನಿ. ಅಲ್ಲೀತನಕ ಯಾರೂ ಕಡ್ಡಿ ಕೀಳದಂಗ ನೋಡಕೋತ ನಿಂದ್ರು."

ಎದಿಗೆ ಸರ್ಕಾರಿ ಪಟ್ಟಾ ಹಾಕ್ಕೊಂಡ ನಮ್ಮಪ್ಪ ಸಗಣಿಗೆ ಪಹರೆ ನಿಂತ.

೩. ನಿಂಬಿಹಣ್ಣು

ಸೋಮವಾರ ಮುಂಜಾನೆ ಸಡಕು ಕನ್ನಡಿಹಂಗ ಇತ್ತು. ಆದ್ರ ನಮ್ಮ ಮನಿ ಮುಂದ, ಮೂರು ಹಾದಿ ಕೂಡೋ ಜಾಗಾದಾಗ, ಕುಂಕುಮ ಹಚ್ಚಿದ ನಿಂಬಿಹಣ್ಣು, ಮೆಣಸಿನಕಾಯಿ, ಕೆಂಪನ್ನ! ಯಾರೋ ದೃಷ್ಟಿ ತಗದು ಒಗದಿದ್ರು. ಗ್ಯಾಂಗಿನವ್ರು ಹಿಂದಕ್ಕ ಸರದ್ರು.

"ಕಲ್ಲು ಒಡೀ ಅನ್ರಿ, ಒಡೀತೇವಿ. ಇದನ್ನ ಮುಟ್ಟಾಂಗಿಲ್ರಿ."

ದೂರದಾಗ ಮೋಟಾರಿನ ಸಪ್ಪಳ. ಅಪ್ಪ ಒದರಿದ: "ನನ್ನ ಅನ್ನಕ್ಕ ಕಲ್ಲು ಹಾಕಿದವ್ರು ಯಾರಲೇ?"

ಬಾಗಲದಾಗ ಅವ್ವ ಸಣ್ಣ ದನಿಲೆ ಅಂದ್ಲು, "ನಾನರಿ. ಸಾಹೇಬ್ರ ಕಣ್ಣು ನಿಮ್ಮ ಕೆಲಸಕ್ಕ ತಾಗಬಾರ್ದು ಅಂತ ಬೆಳಕು ಹರಿಯೂಕ್ಕಿಂತ ಮುಂಚೆ ಮಲಗಿದ್ದ ನಿಮಗ ನಿವಾಳಿಸಿ ಒಗದೆ."

ಅಪ್ಪನ ಸಿಟ್ಟೆಲ್ಲಾ ಇಳದುಹೋತು. "ಹುಚ್ಚಿ" ಅಂದ, ಅಷ್ಟ. ತಾನ ಎತ್ತಾಕ ಬಗ್ಗಿದ.

"ನೀವಂತೂ ಮುಟ್ಟಬ್ಯಾಡ್ರಿ! ನಿಮ್ಮದ ದೃಷ್ಟಿ ಅದು!" ಅಂತ ಅವ್ವ ಬಂದ್ಲು. ಒಗದಾಕಿ ತಿರುಗಿ ನೋಡಬಾರ್ದಲ್ಲ, ಅದಕ್ಕ ಹಿಂದಹಿಂದಕ್ಕ ನಡಕೋತ ಬಂದು, ಸೀರಿ ಹರಡಿ ಅದರ ಮ್ಯಾಲ ಕುಂತಬಿಟ್ಲು. "ನೋಡಬಾರ್ದು, ಮುಟ್ಟಬಾರ್ದು ಅಂದಾರ. ಕುಂದ್ರಬಾರ್ದು ಅಂತ ಯಾರೂ ಹೇಳಿಲ್ಲ."

ಮೋಟಾರು ನಿಂತಿತು. ಸಾಹೇಬ್ರು ಇಳದು ಆ ಕಡೆ ಈ ಕಡೆ ನೋಡಿ ಕೇಳಿದ್ರು, "ಈಕಿ ಯಾಕ ಹಾದ್ಯಾಗ ಕುಂತಾಳ?"

ಅವ್ವ ಹೇಳಿದ್ಲು: "ನಮ್ಮವ್ರನ್ನ ಕೆಲಸದಿಂದ ತಗೀತೇನಿ ಅಂದಿದ್ರೆಲ್ರಿ. ನಾಳೆ ಹಾದ್ಯಾಗ ಕುಂದ್ರೂದ ಐತಿ, ಇವತ್ತ ರೂಢಿ ಮಾಡ್ಕೊಳ್ಳಾಕತ್ತೇನ್ರಿ."

ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕರು. "ಏಳು ತಾಯಿ. ಸಡಕಿನ ಮ್ಯಾಲೆ ಎಳ್ಳಷ್ಟೂ ಕಸಾ ಇಲ್ಲ. ನಿನ್ನ ಗಂಡನ ಕೆಲಸ ಎಲ್ಲೂ ಹೋಗಾಂಗಿಲ್ಲ."

ಅವ್ವ ಸೆರಗು ಸರಿಮಾಡ್ಕೊಂಡು ಕೈ ಮುಗದ್ಲು.

"ನಿಮ್ಮ ಹೊಟ್ಟಿ ತಣ್ಣಗಿರಲಿ, ಸಾಹೇಬ್ರ. ಮೊದಲ ನೀವು ಹೊಂಡ್ರಿ, ಆಮ್ಯಾಲೆ ಏಳತೇನಿ."