ಡುಲುತ್‌ನ ಏಕೈಕ ತೊಗರಿ ಗಿಡದ ಸಂರಕ್ಷಣೆ ಹಾಗೂ ಸಲಹೆ ನೀಡುವುದರ ನಿಷೇಧ ಕುರಿತು

ಸಂಖ್ಯೆ: ಬೇ.ಕಾ.ವಿ/ಮಲಾವಿ/ಕುಂಡ/೦೭/೨೦೨೪
ಬೇಳೆಕಾಳು ವಿಭಾಗದ ಕಚೇರಿ (ಕೆಳಸಹಿದಾರರ ಮಗಳು ಹರಿಣಿಯ ಮನೆಯ ಊಟದ ಮೇಜು), ಕೊಲಂಬಿಯಾ, ಮೇರಿಲ್ಯಾಂಡ್
ದಿನಾಂಕ: ೨೦-೦೬-೨೦೨೪

ಸುತ್ತೋಲೆ

ವಿಷಯ: ಶ್ರೀಮತಿ ಗೌರಾಬಾಯಿಯವರ ಮನೆಯ ಹಿಂದಿನ ಮರದ ಜಗಲಿಯ (ಡೆಕ್) ಮೇಲಿನ ಒಂದೇ ಒಂದು ತೊಗರಿ ಗಿಡವನ್ನು ಇದೇ ೨೯ರವರೆಗೆ ಜೀವಂತವಾಗಿ ಇರಿಸುವ ಮತ್ತು ಸದಸ್ಯರು ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವ ಬಗ್ಗೆ.

ಉಲ್ಲೇಖ:
೧. ಮಲಾವಿ ದೇಶದ ಫಲೊಂಬೆ ಕಡೆಯ ಮಹಿಳಾ ಬೆಳೆಗಾರರ ಸಂಘದ ಅಧ್ಯಕ್ಷೆ ಶ್ರೀಮತಿ ಎಸ್ನಾರ್ಟ್ ಫಿರಿಯವರ ಎಚ್ಚರಿಕೆ, ದಿ. ೨೦-೦೪-೨೦೨೪.
೨. ಅದೇ ಅಧ್ಯಕ್ಷೆಯವರ ನಗು, ದಿ. ೦೮-೦೬-೨೦೨೪.
೩. ಈ ಕಚೇರಿಯ ಹಿಂದಿನ ಆರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).

ಪ್ರಸ್ತಾವನೆ:

ಅಮೆರಿಕದ ಕೊಲಂಬಿಯಾ, ಬ್ಯಾಲಂಟೈನ್ ಹಾಗೂ ಡುಲುತ್ ಎಂಬ ಮೂರು ಊರುಗಳ ಕನ್ನಡ ಕುಟುಂಬಗಳು ಮೂರು ವರ್ಷಗಳಿಂದ ಮೇಲ್ಕಂಡ ಸಂಘದಿಂದ ನೇರವಾಗಿ ತೊಗರಿಬೇಳೆ ತರಿಸುತ್ತಿರುವುದು ಸರಿಯಷ್ಟೆ. ನಾವು ಕೊಳ್ಳುವುದರಿಂದ ಆ ನಲವತ್ತು ಹೆಂಗಸರು ತಮ್ಮದೇ ತಕ್ಕಡಿಯಲ್ಲಿ ತೂಗಿ ಮಾರುತ್ತಾರೆ. ನಾವು ಕೊಳ್ಳದಿದ್ದರೆ ತಕ್ಕಡಿಗೆ ಹೆಬ್ಬೆರಳು ಒತ್ತುವ ದಲ್ಲಾಳಿಯ ಬಳಿಗೇ ಮತ್ತೆ ಹೋಗಬೇಕು. ಇತ್ತ ನಮ್ಮ ಮನೆಗಳ ಸಾರು ಹಳೆಯ ಸ್ಥಿತಿಗೆ ಮರಳುತ್ತದೆ. ಆ ಸ್ಥಿತಿಯನ್ನು ನೆನೆಯುವುದೂ ಬೇಡ.

ಶನಿವಾರದ ವಿಡಿಯೋ ಕರೆಗಳಲ್ಲಿ ಅಧ್ಯಕ್ಷೆಯವರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಸೇತುವೆ ಕೊಚ್ಚಿಹೋಗಿದೆ, ಲಾರಿಗೆ ಡೀಸೆಲ್ ಇಲ್ಲ, ಗೊಬ್ಬರ ಕೈಗೆಟುಕುವುದಿಲ್ಲ, ಭಾರತದವರು ಕೊಂಡರೆ ಬೆಲೆ ಏರುತ್ತದೆ, ಕೊಳ್ಳದಿದ್ದರೆ ನೆಲ ಕಚ್ಚುತ್ತದೆ. ಇದಕ್ಕೆ ನಮ್ಮ ಸದಸ್ಯರು ಕೊಟ್ಟ ಉತ್ತರಗಳು ಕಡತದಲ್ಲಿವೆ: ಆ್ಯಪ್ ಮಾಡಿ, ಡ್ರೋನ್ ಹಾರಿಸಿ, ಲೋಗೋ ಬದಲಾಯಿಸಿ, ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತುಕೊಂಡೇ ಸ್ಟ್ಯಾಂಡ್‌ಅಪ್ ಮೀಟಿಂಗ್ ಮಾಡಿ. ದಿನವಿಡೀ ಹೊಲದಲ್ಲಿ ನಿಂತೇ ಇರುವವರಿಗೆ ಈ ಕೊನೆಯ ಸಲಹೆ ಕೊಟ್ಟವರು ಶ್ರೀ ಪ್ರಶಾಂತ್.

ಕಳೆದ ವರ್ಷ ಬ್ಯಾಲಂಟೈನ್‌ನ ಶ್ರೀ ಧೀರಜ್ ಅವರು ಕೊಯ್ಲನ್ನು ತಮ್ಮ ಕಂಪನಿ ಲೆಕ್ಕದ ಮೂರು ತಿಂಗಳ ಕ್ವಾರ್ಟರ್ ಮುಗಿಯುವವರೆಗೆ ಹೋಲ್ಡ್ ಮಾಡಲು ತಿಳಿಸಿದರು. ಪಾಪ, ನಾಲ್ವರು ಹೆಂಗಸರು ನಂಬಿದರು. ಕಾಯಿ ಒಣಗಿ, ಸಿಡಿದು, ಕಾಳೆಲ್ಲ ನೆಲಕ್ಕೆ ಬಿತ್ತು. ಊರಿನ ಕೋಳಿಗಳು ದುಂಡಗಾದವೆಂದು ವರದಿಯಾಗಿದೆ.

ಆದ್ದರಿಂದ ಉಲ್ಲೇಖ (೧)ರಲ್ಲಿ ಅಧ್ಯಕ್ಷೆಯವರು, ನಿಮ್ಮಲ್ಲಿ ಯಾರಾದರೂ ಒಬ್ಬರು ಒಂದೇ ಒಂದು ತೊಗರಿ ಗಿಡವನ್ನು ಒಂದು ಗೇಣು ಬೆಳೆಸಿ ಜೂನ್ ೨೯ರಂದು ತೋರಿಸಿ, ಇಲ್ಲವಾದರೆ ಈ ವರ್ಷದ ಬೇಳೆಯ ಒಪ್ಪಂದವಿಲ್ಲ ಎಂದು ಸ್ಪಷ್ಟಪಡಿಸಿರುತ್ತಾರೆ. ಅದರಂತೆ ಹನ್ನೊಂದು ಕುಂಡಗಳಲ್ಲಿ ಬಿತ್ತನೆ ಮಾಡಲಾಯಿತು. ಫಿಲ್ಟರ್ ನೀರು ಹಾಕಲಾಯಿತು. ಪ್ರಗತಿ ತೋರಿಸಲು ಕಂಪ್ಯೂಟರಿನಲ್ಲಿ ಡ್ಯಾಶ್‌ಬೋರ್ಡ್ ತೆರೆಯಲಾಯಿತು. ಕುಂಡದೊಳಗಿನದು ಉಬ್ಬಿದಾಗ 'ಮೊಳಕೆ ಪ್ರಗತಿಯಲ್ಲಿದೆ' ಎಂದೂ, ವಾಸನೆ ಬಂದಾಗ 'ಜೈವಿಕ ಚಟುವಟಿಕೆ ಉತ್ತಮ' ಎಂದೂ ಹಸಿರು ಗುರುತು ಹಾಕಲಾಯಿತು.

ಜೂನ್ ೮ರ ಕರೆಯಲ್ಲಿ ಅಧ್ಯಕ್ಷೆಯವರು ಮಣ್ಣು ಕೆದಕಿ ತೋರಿಸಲು ಹೇಳಿದರು. ಹತ್ತು ಕುಂಡಗಳಲ್ಲಿ ಇದ್ದದ್ದು ಬೇಳೆ. ಸಿಪ್ಪೆ ತೆಗೆದು, ಎರಡು ಹೋಳು ಮಾಡಿದ, ಡಬ್ಬಿಯಿಂದ ತೆಗೆದ ಅಡುಗೆಯ ಬೇಳೆ! "ಇವರು ಊಟವನ್ನು ಬಿತ್ತಿದ್ದಾರೆ" ಎಂದು ಅಧ್ಯಕ್ಷೆಯವರು ತಮ್ಮವರಿಗೆ ಹೇಳಿದ್ದೇ ತಡ, ನಲವತ್ತು ಜನ ಬಿದ್ದು ಬಿದ್ದು ನಕ್ಕಿದ್ದರಿಂದ ಕರೆಯನ್ನು ಮುಕ್ತಾಯಗೊಳಿಸಲಾಯಿತು.

ಹನ್ನೊಂದನೆಯ ಕುಂಡ ಡುಲುತ್‌ನ ಡಾ. ರವಿಕಿರಣ್ ಅವರ ತಾಯಿ ಗೌರಾಬಾಯಿಯವರದು. ಕಲಬುರಗಿ ಕಡೆಯ ಈ ಮಹಿಳೆ ಮೂರು ವರ್ಷದಲ್ಲಿ ಒಂದು ಕರೆಯಲ್ಲೂ ತುಟಿ ಬಿಚ್ಚಿದವರಲ್ಲ. ಬೇಳೆ ಆರಿಸುವಾಗ ಗಿರಣಿಯಿಂದ ತಪ್ಪಿಸಿಕೊಂಡು ಬಂದಿದ್ದ ನಾಲ್ಕು ಇಡೀ ಕಾಳುಗಳನ್ನು ತೆಗೆದಿಟ್ಟು ಬಿತ್ತಿದರು. ಒಂದು ಎದ್ದಿದೆ. ಆದ ಕಾರಣ ಈ ಕೆಳಗಿನಂತೆ ಆದೇಶಿಸಲಾಗಿದೆ.

೧. ಸದರಿ ಗಿಡಕ್ಕೆ ಯಾರೂ ಸಲಹೆ ನೀಡತಕ್ಕದ್ದಲ್ಲ.

೨. ಗಿಡ ನೋಡಲು ಬ್ಯಾಲಂಟೈನ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬರುವುದನ್ನು ನಿಲ್ಲಿಸುವುದು. ಒಂದೇ ವಾರದಲ್ಲಿ ಹದಿನೇಳು ಜನರಿಗೆ ಚಹಾ ಮಾಡಿದ ಗೌರಾಬಾಯಿಯವರು "ಗಿಡಾ ನೋಡಾಕ ಬಂದೀರೋ, ಚಾ ಕುಡ್ಯಾಕ ಬಂದೀರೋ?" ಎಂದು ವಿವರಣೆ ಕೇಳಿರುತ್ತಾರೆ. ವಿವರಣೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸುವುದು. ಲೋಟ ತೊಳೆದಿಟ್ಟು ಬರುವುದು.

೩. ಗಿಡಕ್ಕೆ ದೃಷ್ಟಿ ತೆಗೆಯುವುದನ್ನು ನಿಷೇಧಿಸಲಾಗಿದೆ. ಶ್ರೀಮತಿ ಕಾತ್ಯಾಯಿನಿಯವರು ಮಳೆಯೆಂದು ಗಿಡವನ್ನು ಒಳಗೆ ತಂದು ಸುಟ್ಟ ಮೆಣಸಿನಕಾಯಿಯ ಘಾಟಿಗೆ ಸ್ಮೋಕ್ ಅಲಾರಂ ಕೂಗಿ, ಅಗ್ನಿಶಾಮಕದವರು ಬಂದು, ಇದು ಏನು ಗಿಡ ಎಂದು ಎರಡೆರಡು ಸಲ ಕೇಳಿರುತ್ತಾರೆ.

೪. ಗೌರಾಬಾಯಿಯವರ ಬಡಾವಣೆಯ ಮನೆಮಾಲೀಕರ ಸಂಘದ ನಿಯಮದಂತೆ ಡೆಕ್ ಮೇಲೆ ಅಲಂಕಾರಿಕ ಗಿಡಗಳಿಗೆ ಮಾತ್ರ ಅವಕಾಶವಿರುವುದರಿಂದ ತೊಗರಿಯನ್ನು ಈ ಮೂಲಕ ಅಲಂಕಾರಿಕವೆಂದು ಘೋಷಿಸಲಾಗಿದೆ. ಅಕ್ಕಪಕ್ಕದವರು ನೋಡುತ್ತಿರುವಾಗ ಸದಸ್ಯರು ಗಿಡದ ಮುಂದೆ ನಿಂತು ಆಹಾ ಎನ್ನತಕ್ಕದ್ದು. ಬೇಳೆಯ ಬಗ್ಗೆ ಯೋಚಿಸುತ್ತಿರುವುದು ಮುಖದಲ್ಲಿ ಕಾಣಬಾರದು.

೫. ಜಿಂಕೆಗಳು ಡೆಕ್ ಹತ್ತಬಾರದು. ಈ ನಿಯಮವನ್ನು ಜಿಂಕೆಯ ಕಣ್ಣಿಗೆ ಬೀಳುವ ಎತ್ತರದಲ್ಲಿ, ಇಂಗ್ಲಿಷಿನಲ್ಲಿ, ಹಿತ್ತಲಿನ ಮರಗಳಿಗೆ ಅಂಟಿಸುವುದು. ಕಾಗದವನ್ನು ಜಿಂಕೆ ತಿಂದಲ್ಲಿ ಜಾರಿಯಾಗಿದೆ ಎಂದು ಭಾವಿಸತಕ್ಕದ್ದು.

೬. ಗೇಣು ಎಂದರೆ ಯಾರ ಗೇಣು ಎಂಬ ಬಗ್ಗೆ ನೇಮಿಸಿದ್ದ ಮೂವರ ಉಪಸಮಿತಿ ವರದಿ ಸಲ್ಲಿಸಿದೆ. ಶ್ರೀ ಸಿದ್ಧಲಿಂಗೇಶ್ ಅವರ ಗೇಣಿಗೆ ಗಿಡ ಮೂರು ಬೆರಳು ಕಡಿಮೆ ಬೀಳುತ್ತದೆ. ಮೂರೂ ಊರುಗಳ ಕೈಗಳನ್ನು ಅಳೆದು ನೋಡಲಾಗಿ ಶ್ರೀಮತಿ ಶ್ರೀಲತಾ ಅವರ ಕೈ ಅತ್ಯಂತ ಚಿಕ್ಕದೆಂದು ಸಾಬೀತಾಗಿರುವುದರಿಂದ, ಸದರಿ ಕೈಯನ್ನು ೨೯ರವರೆಗೆ ವಿಭಾಗದ ವಶಕ್ಕೆ ಪಡೆಯಲಾಗಿದೆ. ಉಳಿದ ಶ್ರೀಲತಾ ಎಂದಿನಂತೆ ಕೆಲಸಕ್ಕೆ ಹೋಗಬಹುದು.

೭. ೨೯ರ ಕರೆಯಲ್ಲಿ ಎಲ್ಲರೂ ಮ್ಯೂಟ್‌ನಲ್ಲಿರತಕ್ಕದ್ದು. ಶ್ರೀ ಧೀರಜ್ ಅವರು ಮ್ಯೂಟ್‌ನಲ್ಲಿರುವುದಲ್ಲದೆ ಬಾಯಲ್ಲಿ ಒಂದು ಚಕ್ಕುಲಿ ಇಟ್ಟುಕೊಂಡಿರತಕ್ಕದ್ದು. ಹೋಳಿಗೆಗೆ ಮೈಸೂರಿನವರಂತೆ ತೊಗರಿಬೇಳೆಯೋ, ಉತ್ತರದವರಂತೆ ಕಡಲೆಬೇಳೆಯೋ ಎಂಬ ಜಗಳವನ್ನು ಅಂದು ತೆಗೆಯಕೂಡದು. ತೆಗೆದವರಿಗೆ ಎರಡೂ ಇಲ್ಲ.

೮. ಕೆಳಸಹಿದಾರರ ಬಗ್ಗೆ ಒಂದು ಮಾತು. ಇವರು ಕೃಷಿ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಸೇವೆ ಸಲ್ಲಿಸಿ ಹಾರ ಹಾಕಿಸಿಕೊಂಡು ನಿವೃತ್ತರಾದವರು. ತೊಗರಿಯ ಕಡತ ಎಷ್ಟೋ ನೋಡಿದ್ದಾರೆ. ತೊಗರಿಯ ಹೊಲಕ್ಕೆ ಇಳಿದಿಲ್ಲ. ನಾಲ್ಕನೆಯ ಕುಂಡದಲ್ಲಿ ಬೇಳೆ ಬಿತ್ತಿ ಇಪ್ಪತ್ತು ದಿನ ನೀರು ಹೊಯ್ದವರು ಇವರೇ. ನಾಚಿಕೆಯಾಗಿದೆ. ಅಂದು ನಕ್ಕ ಹೆಂಗಸರು ದಲ್ಲಾಳಿಯ ಬಾಗಿಲಿಗೆ ಹೋಗುವಂತಾದರೆ ಕೊಳೆತ ಬೇಳೆಗೆ ಹಸಿರು ಗುರುತು ಹಾಕಿದ ನಾವೇ ಅದಕ್ಕೆ ಹೊಣೆ ಎಂಬ ಭಯವೂ ಇದೆ. ಇದನ್ನು ಕಡತದಲ್ಲಿ ಹಾಗೇ ಇಡುವುದು, ಯಾರೂ ತಿದ್ದತಕ್ಕದ್ದಲ್ಲ.

ಸಹಿ/-
ರಾಮಲಿಂಗಪ್ಪ
ನಿವೃತ್ತ ಕಚೇರಿ ಅಧೀಕ್ಷಕರು (ಸಿಬ್ಬಂದಿ ಶಾಖೆ)
ಹಾಗೂ ಪ್ರಭಾರ ಮುಖ್ಯಸ್ಥರು, ವಿಸಿಟರ್ ವೀಸಾ ಮುಗಿಯುವವರೆಗೆ

ಪ್ರತಿಗಳು:

೧. ಶ್ರೀ ಧೀರಜ್, ಬ್ಯಾಲಂಟೈನ್: ಬಾಯಿಪಾಠ ಮಾಡಲು.

೨. ಜಿಂಕೆಗಳು, ಡುಲುತ್: ಮರದ ಮೂಲಕ.

೩. ಶ್ರೀಮತಿ ಶ್ರೀಲತಾ: ಕೈಗೆ ಉಗುರುಬಣ್ಣ ಹಚ್ಚದಿರುವ ಕೋರಿಕೆಯೊಂದಿಗೆ.

೪. ಶ್ರೀಮತಿ ಗೌರಾಬಾಯಿ: ಸುತ್ತೋಲೆ ಓದುವುದಿಲ್ಲವೆಂದು ತಿಳಿಸಿದ್ದರಿಂದ ಫೋನಿನಲ್ಲಿ ಓದಿ ಹೇಳಲಾಯಿತು. ಮೂರನೆಯ ಕಂಡಿಕೆಗೇ ತಡೆದು ಅವರು ನೀಡಿದ ಹೇಳಿಕೆ: "ಸಾಕ್ ಬಿಡ್ರಿ ರಾಮಲಿಂಗಪ್ಪನವರ. ಮಂಗಳವಾರನ ನಾ ಎಸ್ನಾರ್ಟಗ ಫೋನ್ ಹಚ್ಚಿ ಗಿಡಾ ತೋರಿಸೇನಿ. ನಮ್ಮ ಸೊಸಿ ವಿಜಯಶ್ರೀ ನಡುವ ನಿಂತು ಇಂಗ್ಲಿಷ್ ಮಾಡಿ ಹೇಳಿದ್ಲು. ಇನ್ನೂ ಗೇಣ ಆಗಿಲ್ಲವ್ವಾ ಅಂದೆ. ಎಸ್ನಾರ್ಟ್ ಎಲಿ ನೋಡಿ, ಗೇಣ ಯಾರಿಗೆ ಬೇಕು, ನಿಮ್ಮಾಗ ಒಬ್ಬಾಕಿಗರೆ ಬಿತ್ತೋದು ಗೊತ್ತದಲ್ಲ, ಈ ವರ್ಷದ ತೊಗರಿ ನಿಮಗ ಅಂದ್ಲು. ಆಮ್ಯಾಲ ಮುಂಜಾನಿತನಕ ತೊಗರಿಗೆ ಬೀಳೋ ಹುಳದ ಮಾತ ಆಡಿದ್ವಿ." ಹೀಗಾಗಿ ಕಂಡಿಕೆ ೧ನ್ನು ಹೊರತುಪಡಿಸಿ ಈ ಸುತ್ತೋಲೆಯು ಹೊರಡುವ ಎರಡು ದಿನ ಮೊದಲೇ ರದ್ದಾಗಿರುತ್ತದೆ.

೫. ಶ್ರೀಮತಿ ಎಸ್ನಾರ್ಟ್ ಫಿರಿ, ಫಲೊಂಬೆ, ಮಲಾವಿ: ಕೃತಜ್ಞತೆಗಳೊಂದಿಗೆ. ಸಲಹೆ ಏನೂ ಇಲ್ಲ.