ಬಲಗಡೆ ಸೀಟಿನ ಡೊರೊತಿ ಆಂಟಿ

ಕಳೆದ ಫೆಬ್ರವರಿಯ ಎರಡನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ನಮ್ಮ ಬೀದಿಯಿಂದ ಕೆಂಪು ಬಣ್ಣದ ಕಾರೊಂದು ಚಾಲಕನಿಲ್ಲದೆ ಹೊರಟುಹೋಯಿತು. ನೋಡಿದವರು ಎದುರು ಮನೆಯ ಕುಲಕರ್ಣಿ ಅಂಕಲ್. ಕಾರು ನನ್ನದು. ಓಡಿಸುತ್ತಿದ್ದವನೂ ನಾನೇ.

ಇದರಲ್ಲಿ ಪವಾಡವೇನೂ ಇಲ್ಲ. ಅಮೆರಿಕದಲ್ಲಿ ಹುಟ್ಟಿದ ಆ ಕಾರಿನ ಸ್ಟೀರಿಂಗ್ ಎಡಗಡೆ ಇದೆ. ಆಸ್ಟ್ರೇಲಿಯದ ಜನ ಚಾಲಕನನ್ನು ಬಲಗಡೆ ಹುಡುಕುತ್ತಾರೆ, ಖಾಲಿ ಸೀಟು ನೋಡಿ ಬೆಚ್ಚಿಬೀಳುತ್ತಾರೆ. ಧಾರವಾಡದಿಂದ ಬಂದು ಮಗನ ಮನೆಯಲ್ಲಿರುವ ಅಂಕಲ್‌ಗೆ ಇದನ್ನು ವಿವರಿಸಿದೆ. "ಹೌದೇನ್ರೀ? ನಾ ಎಲ್ಲೆ ಗಾಡಿ ತಾನ ಹೊಂಟೈತಿ ಅಂತ ಗಾಬರ್ಯಾಗಿದ್ದೆ" ಎಂದು ನಕ್ಕು, ಹುಲ್ಲಿಗೆ ನೀರು ಹಾಕುವುದನ್ನು ಮುಂದುವರಿಸಿದರು. ಮರುವಾರ ಅದೇ ಹೊತ್ತಿಗೆ ನಾನು ಒಬ್ಬನೇ ಹೋಗಿ ಒಬ್ಬನೇ ಬಂದೆ. ಅಂಕಲ್ ಪೈಪು ಕೆಳಗಿಟ್ಟು ಬೀದಿ ದಾಟಿ ಬಂದರು. "ಇವತ್ತ ಪಾಡ ಆತ ನೋಡ್ರಿ. ಆ ಬಾಜೂಕ ಒಬ್ರು ಕುಂತಿದ್ರು, ನೋಡಾಕ ಸಮಾಧಾನ ಅನಸ್ತು. ಯಾರ್ರೀ ಆ ಅಜ್ಜಿಯವ್ರು? ತಲಿಗೆ ಹಳದಿ ಬಟ್ಟಿ ಕಟಗೊಂಡಿದ್ರು."

ಇಲ್ಲಿ ನನ್ನ ಕಸುಬಿನ ವಿಷಯ ಹೇಳಬೇಕು. ಹದಿನೆಂಟು ವರ್ಷ ಒಂದು ಕನ್ನಡ ದಿನಪತ್ರಿಕೆಯ ಸುದ್ದಿಮನೆಯಲ್ಲಿ ಕುಳಿತು ಬೇರೆಯವರು ಬರೆದದ್ದನ್ನು ಕತ್ತರಿಸಿದವನು ನಾನು. ಹೆಂಡತಿ ನಂದಿನಿಗೆ ಇಲ್ಲಿ ಐಟಿ ಕೆಲಸ ಸಿಕ್ಕಿ, ಅವಳ ಪಿಆರ್‌ನ, ಅಂದರೆ ಕಾಯಂ ವಾಸದ ಪರವಾನಗಿಯ, ಬಾಲ ಹಿಡಿದು ಬಂದೆ. ಈಗ ಪ್ಯಾರಮಟ್ಟಾದ ಒಂದು ಕಚೇರಿಯಲ್ಲಿ ಸರ್ಕಾರಿ ಪ್ರಕಟಣೆಗಳನ್ನು ತಿದ್ದುತ್ತೇನೆ. ಒಬ್ಬರು ಹೇಳಿದ್ದು ಗಾಳಿಮಾತು, ಇಬ್ಬರು ಬೇರೆಬೇರೆಯಾಗಿ ಹೇಳಿದ್ದು ಸುದ್ದಿ ಎಂದು ನನಗೆ ಕಲಿಸಿದ್ದಾರೆ. ಅಂಕಲ್ ಒಬ್ಬರು. ಆದ್ದರಿಂದ ಅವರ ಹೇಳಿಕೆಯನ್ನು ಪಕ್ಕಕ್ಕಿಟ್ಟೆ. ಪಕ್ಕಕ್ಕಿಡುವಾಗ ಒಂದು ಸಣ್ಣ ತೊಂದರೆಯಾಯಿತು. ಹಳದಿ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡ ಒಬ್ಬ ಮುದುಕಿಯನ್ನು ನಾನು ಬಲ್ಲೆ. ಆಕೆ ಇರುವುದು ಇಲ್ಲಿಂದ ಒಂಬೈನೂರು ಕಿಲೋಮೀಟರ್ ದೂರದ ಮೆಲ್ಬರ್ನ್‌ನಲ್ಲಿ.

ಮೊದಲು ಕಾರಿನ ಬಗ್ಗೆ. ಮಂಡ್ಯದ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ, ಕನ್ನಡಿಯ ಪಕ್ಕ, ಎಂದೋ ಮುಗಿದ ವರ್ಷದ ಕ್ಯಾಲೆಂಡರೊಂದು ತೂಗುತ್ತಿತ್ತು. ಅದರಲ್ಲಿ ಇಂಥದೇ ಕೆಂಪು ಕಾರು. ತಲೆ ಬಗ್ಗಿಸಿ ಕುಳಿತಾಗಲೆಲ್ಲ ಓರೆಗಣ್ಣಿನಲ್ಲಿ ಅದನ್ನೇ ನೋಡುತ್ತಿದ್ದೆ, ಅದಕ್ಕೇ ನನ್ನ ಕಟಿಂಗ್ ಒಂದು ಕಡೆಗೆ ವಾಲುತ್ತಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ, ನನಗಿಂತ ಹಿರಿಯದಾದ ಆ ಕಾರನ್ನು ಕೊಂಡೆ. ಅದನ್ನು ಸಾಕುವುದೆಂದರೆ ಮನೆಯಲ್ಲಿ ನಿವೃತ್ತ ಪೈಲ್ವಾನನೊಬ್ಬನನ್ನು ಇಟ್ಟುಕೊಂಡ ಹಾಗೆ. ಕುಸ್ತಿಗೆ ಇಳಿಯುವುದಿಲ್ಲ, ಊಟ ಮಾತ್ರ ಪೈಲ್ವಾನನದೇ. ಪೆಟ್ರೋಲ್ ಬಂಕಿಗೆ ಹೋಗಿ ಬರುವುದರಲ್ಲೇ ಹಾಕಿಸಿದ್ದರಲ್ಲಿ ಒಂದಿಷ್ಟು ಮುಗಿದಿರುತ್ತದೆ. ನಿಲ್ಲಿಸಿದಲ್ಲಿ ಆಯಿಲ್ ತೊಟ್ಟಿಕ್ಕುತ್ತದೆ, ಅದಕ್ಕೆಂದು ಕೆಳಗೊಂದು ತಟ್ಟೆ. ಸಿಗ್ನಲ್‌ನಲ್ಲಿ ಹೆಚ್ಚು ಹೊತ್ತು ನಿಂತರೆ ಜ್ವರ ಬರುತ್ತದೆ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ಹಳೆಯ ಕಾರಿನ ನೋಂದಣಿಯಾದ್ದರಿಂದ ವರ್ಷಕ್ಕೆ ಇಷ್ಟೇ ದಿನ ಓಡಿಸಬೇಕು, ಹೊರಟ ದಿನವನ್ನೆಲ್ಲ ಒಂದು ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಇದೊಂದು ಕೆಲಸವನ್ನು ಮಾತ್ರ ನಾನು ತಪ್ಪಿಲ್ಲದೆ ಮಾಡುತ್ತೇನೆ.

ಇನ್ನೂ ಎರಡು ದೋಷಗಳಿವೆ. ಕೀ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೂ ಎಂಜಿನ್ ಐದಾರು ಸೆಕೆಂಡು ತಾನೇ ನಡುಗುತ್ತ ಓಡುತ್ತದೆ. ಅದು ನಿಂತ ಮೇಲೆ, ಗ್ಯಾರೇಜಿನ ನಿಶ್ಶಬ್ದದಲ್ಲಿ, ಬಲಗಡೆಯ ಖಾಲಿ ಸೀಟು ಯಾರೋ ಎದ್ದ ಹಾಗೆ ಉಸ್ಸೆಂದು ಮೆಲ್ಲಗೆ ಮೇಲೇರುತ್ತದೆ. ನನ್ನ ಮೆಕ್ಯಾನಿಕ್ ಟೋನಿ ಎರಡಕ್ಕೂ ಕಾರಣ ಹೇಳಿದ್ದಾನೆ. ಮೊದಲನೆಯದು ಎಂಜಿನ್ನಿನೊಳಗಿನ ಕಾವು, ಎರಡನೆಯದು ಹಳೆಯ ಸ್ಪ್ರಿಂಗು. ಕಾರಣ ಸಿಕ್ಕಿದ್ದರಿಂದ ಹೆದರುವುದನ್ನು ಬಿಟ್ಟೆ. ಆದರೆ ಆ ಸೀಟಿನ ಬೆಲ್ಟು ಪ್ರತಿ ಭಾನುವಾರ ತಾನೇ ಹಾಕಿಕೊಂಡಿರುವುದರ ಬಗ್ಗೆ ಟೋನಿಯನ್ನು ಕೇಳಲಿಲ್ಲ. ಕಾರಣ ಸಿಗದಿದ್ದರೆ ಏನು ಮಾಡುವುದು ಎಂಬ ಅಂಜಿಕೆ.

ಕಾರನ್ನು ಕೊಂಡದ್ದು ಮೆಲ್ಬರ್ನ್‌ನ ಆಲ್ಟೋನಾದಲ್ಲಿ, ಡೊರೊತಿ ಎಂಬ ಎಂಬತ್ತು ದಾಟಿದ ಹೆಂಗಸಿನಿಂದ. ಗಂಡ ಕೆನ್ ಜೀವಮಾನವಿಡೀ ಅದನ್ನು ಬಿಚ್ಚಿ ಜೋಡಿಸಿ ತೀರಿಕೊಂಡಿದ್ದ. ಮನೆ ಮಾರಿ ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗಲು ಆಕೆ ಸಿದ್ಧರಾಗಿದ್ದರು. ಹೆಚ್ಚು ದುಡ್ಡು ಕೊಡುವವರನ್ನು ಬಿಟ್ಟು ನನಗೆ ಕೊಟ್ಟಿದ್ದಕ್ಕೆ ಒಂದೇ ಕಾರಣ: ಮುಚ್ಚಿ ಇಡುವುದಿಲ್ಲ, ಪ್ರತಿ ಭಾನುವಾರ ಓಡಿಸುತ್ತೇನೆ ಎಂದು ನಾನು ಹೇಳಿದ್ದೆ. "ನನಗೆ ಡ್ರೈವಿಂಗ್ ಬರುವುದಿಲ್ಲ. ಭಾನುವಾರ ಹತ್ತಕ್ಕೆ ಆ ಬಲಗಡೆ ಸೀಟಿನಲ್ಲಿ ಕೂರುವುದು, ಊಟದ ಹೊತ್ತಿಗೆ ಮನೆ. ನಲವತ್ತು ವರ್ಷ ಅಷ್ಟೇ ನಾನು ಕಂಡ ಲೋಕ" ಎಂದರು. ಇಂಗ್ಲಿಷಿನಲ್ಲಿ ಹೇಳಿದರು, ಅನುವಾದ ನನ್ನದು.

ಹೊಸ ಗಾಡಿಗೆ ಪೂಜೆಯಾಗದೆ ಅದು ಊರು ದಾಟುವಂತಿಲ್ಲವೆಂದು ನಂದಿನಿ ಕಟ್ಟಪ್ಪಣೆ ಮಾಡಿದ್ದಳು. ಫೋನಿನಲ್ಲೇ ನಿರ್ದೇಶನ. "ರೀ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ರಾ? ಹಿಂದಿನದು ತೋರ್ಸಿ. ಹಿರಿಯರನ್ನ ಮೊದಲು ಕೂರಿಸಿ." ನಿಂಬೆಹಣ್ಣು ಡೊರೊತಿಯ ಹಿತ್ತಲಿನ ಗಿಡದ್ದೇ. ಹಿರಿಯರು ಎಂದರೆ ಅಲ್ಲಿದ್ದವರು ಅವರೊಬ್ಬರೇ. ತಲೆಗೆ ಹಳದಿ ಸ್ಕಾರ್ಫ್ ಕಟ್ಟಿಕೊಂಡು ಬಂದು, ತಮ್ಮ ಸೀಟಿನಲ್ಲಿ ಕುಳಿತು, ಹತ್ತಡಿಯ ಪ್ರಯಾಣಕ್ಕೂ ಬೆಲ್ಟು ಹಾಕಿಕೊಂಡರು. ಕಾರು ಮುಂದಕ್ಕೆ ಸರಿಯಿತು, ನಿಂಬೆಹಣ್ಣು ಪಚಕ್ಕೆಂದವು. ಅವರು ಇಳಿದು ಬಾಗಿಲಿನ ಮೇಲೆ ಕೈಯಿಟ್ಟುಕೊಂಡೇ ನಿಂತರು. ಆಗ ನಾನು ನನ್ನ ತಪ್ಪನ್ನು ಮಾಡಿದೆ. ನಮ್ಮಲ್ಲಿ ಯಾರೇ ಆಗಲಿ ಬೀಳ್ಕೊಡುವಾಗ ಸುಮ್ಮನೆ ಹೋಗುತ್ತಾರೆಯೇ? "ನೀವೂ ಬನ್ನಿ ಆಂಟಿ, ಪ್ರತಿ ಭಾನುವಾರ ನಮ್ಮ ಜೊತೆ ಬನ್ನಿ" ಎಂದೆ. ಕನ್ನಡಿಗರಾಗಿದ್ದರೆ "ಓಹೋ, ಖಂಡಿತ" ಎಂದು ಅಲ್ಲಿಗೇ ಮರೆಯುತ್ತಿದ್ದರು. ಕರೆಯುವುದು ನಮ್ಮ ಮರ್ಯಾದೆ, ಬಾರದಿರುವುದು ಅವರ ಮರ್ಯಾದೆ. ಡೊರೊತಿ ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಆಗಲಿ, ಬರುತ್ತೇನೆ" ಎಂದರು.

ಎರಡನೇ ಹೇಳಿಕೆ ಮಾರ್ಚ್‌ನಲ್ಲಿ ಬಂತು. ಪ್ಲಗ್ ಬದಲಿಸಲು ಕಾರನ್ನು ಟೋನಿಯ ವರ್ಕ್‌ಶಾಪಿಗೆ ಒಯ್ದಿದ್ದೆ. ಅಂದೂ ಭಾನುವಾರ, ಟೋನಿ ಬಾಗಿಲು ತೆಗೆದದ್ದು ನನ್ನ ಮೇಲಿನ ಪ್ರೀತಿಗೆ. ಒಳಗೆ ಕಾಫಿ ಕುಡಿಯುತ್ತಿದ್ದಾಗ ಟೋನಿ ಕಿಟಕಿಯಿಂದ ಹೊರಗೆ ನೋಡಿ, "ನಿನ್ನ ಅಮ್ಮನನ್ನು ಒಳಗೆ ಕರಿಯೋ ಮಹರಾಯ, ಬಿಸಿಲಲ್ಲಿ ಕೂತಿದ್ದಾರೆ" ಎಂದ. ನನ್ನ ಅಮ್ಮ ಮಂಡ್ಯದಲ್ಲಿದ್ದಾರೆ. ಹೊರಗೆ ಹೋಗಿ ನೋಡಿದೆ. ಸೀಟು ಖಾಲಿ, ಬೆಲ್ಟು ಹಾಕಿತ್ತು. ಟೋನಿಯ ಕನ್ನಡಕ ಹಣೆಯ ಮೇಲಿತ್ತು ಎಂಬುದನ್ನು ಗಮನಿಸಿ, ಅವನ ಹೇಳಿಕೆಯನ್ನೂ ತಳ್ಳಿಹಾಕಿದೆ. ಒಬ್ಬ ಒಳ್ಳೆಯ ಉಪಸಂಪಾದಕ ಯಾವ ಸುದ್ದಿಯನ್ನು ಬೇಕಾದರೂ ಕೊಲ್ಲಬಲ್ಲ.

ಆದರೆ ಸುದ್ದಿ ನನ್ನನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಯಿತು. ಪೆಂಡಲ್ ಹಿಲ್‌ನ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದ ನಂದಿನಿಯನ್ನು ಪರಿಚಯದವರೊಬ್ಬರು, "ನಿಮ್ ಹಸ್ಬೆಂಡ್ ಸಂಡೆ ಸಂಡೆ ಯಾರ್ನೋ ಡ್ರಾಪ್ ಮಾಡ್ತಾರಂತೆ?" ಎಂದು ಕೇಳಿದರು. ನಂದಿನಿ ಆ ಕಾರನ್ನು ಒಮ್ಮೆಯೂ ಹತ್ತಿದವಳಲ್ಲ. ಅದು ಗ್ಯಾರೇಜಿನಲ್ಲಿ ಮಲಗಿ, ಅವಳ ಕಾರು ಆಲಿಕಲ್ಲಿಗೆ ಬೆನ್ನು ಕೊಟ್ಟು ಹೊರಗೆ ನಿಂತಿರುವುದು ಅವಳ ಹಳೆಯ ದೂರು. ಈಗ ಇದೊಂದು.

"ಅದು ವಯಸ್ಸಾದವರಂತೆ" ಎಂದೆ, ಸಮಾಧಾನಕ್ಕೆ.

"ಹಂಗಾದ್ರೆ ಯಾರೋ ಇದಾರೆ ಅನ್ನಿ!"

"ಯಾರೂ ಇಲ್ಲ. ಸೀಟು ಖಾಲಿ."

"ಖಾಲಿ ಸೀಟಿಗೆ ಬೆಲ್ಟ್ ಯಾಕೆ ಹಾಕ್ತೀರಾ?"

ಅವಳೂ ಗಮನಿಸಿದ್ದಳು. "ನೋಡಿ, ನಂಗೆ ಭಯ ಆಗತ್ತೆ. ನೀವು ಸುಳ್ಳು ಹೇಳ್ತಿದೀರಿ ಅಂದ್ರೂ ಭಯ, ನಿಜ ಹೇಳ್ತಿದೀರಿ ಅಂದ್ರೆ ಇನ್ನೂ ಭಯ. ಆ ಗಾಡಿ ಮಾರ್ಬಿಡಿ" ಎಂದಳು. ನಾನು ವಾದಿಸಲಿಲ್ಲ. ಜಾಹೀರಾತು ಹಾಕಿದೆ. ಏಪ್ರಿಲ್‌ನಲ್ಲಿ ಒಬ್ಬ ಗಿರಾಕಿ ಶನಿವಾರ ಬರುತ್ತೇನೆಂದ. ಕೊಂಡು ಷೆಡ್ಡಿನಲ್ಲಿ ಮುಚ್ಚಿಟ್ಟು, ಬೆಲೆ ಏರಿದ ಮೇಲೆ ಮಾರುವುದು ಅವನ ಯೋಚನೆ. ಅಂದರೆ ಡೊರೊತಿಗೆ ನಾನು ಕೊಟ್ಟ ಮಾತು ಶನಿವಾರಕ್ಕೆ ಮುಗಿಯುತ್ತಿತ್ತು.

ಶುಕ್ರವಾರ ಸಂಜೆ ಅವರಿಗೆ ಫೋನ್ ಮಾಡಿದೆ. ಮಾರುವ ವಿಷಯ ಹೇಳಬೇಕಿತ್ತು. ಧೈರ್ಯ ಸಾಲದೆ ಬೇರೊಂದರಿಂದ ಶುರುಮಾಡಿದೆ. ಕಳೆದ ಭಾನುವಾರ ತಿರುವುಗಳಲ್ಲಿ ಏನೋ ಉರುಳುವ ಶಬ್ದ, ಡಿಕ್ಕಿಯಲ್ಲೂ ಇಲ್ಲ, ಸೀಟಿನಡಿಯೂ ಇಲ್ಲ, ಏನಿರಬಹುದು ಎಂದು ಕೇಳಿದೆ. ನಂದಿನಿ ಎದುರಿಗೇ ಕುಳಿತಿದ್ದಳು. ಫೋನು ಸ್ಪೀಕರಿನಲ್ಲಿತ್ತು.

"ಮುಂದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ನೋಡು" ಎಂದರು ಡೊರೊತಿ.

ಆ ಪೆಟ್ಟಿಗೆಯ ಬೀಗ ಕೊಂಡ ದಿನದಿಂದಲೂ ಕಚ್ಚಿಕೊಂಡಿದೆ, ಟೋನಿಯ ಕೈಲೂ ತೆಗೆಯಲಾಗಿಲ್ಲ ಎಂದೆ.

"ಎಡಗಡೆಯ ಕೆಳಮೂಲೆ ಒತ್ತಿ ಹಿಡಿದು ಗೆಣ್ಣಿನಿಂದ ಒಂದು ಸಲ ಕುಟ್ಟು. ಅದರಲ್ಲಿರುವುದು ನನ್ನ ನಿಂಬೆಹಣ್ಣು. ನಿನ್ನ ಹೆಂಡತಿಯ ಕೆಮ್ಮಿಗೆ. ಅದರ ಹಿಂದಿನ ಭಾನುವಾರ ನಾವು ಹೊರಡುವಾಗ ಬಾಗಿಲಲ್ಲಿ ನಿಂತು ಎಷ್ಟು ಕೆಮ್ಮುತ್ತಿದ್ದಳು, ಪಾಪ."

ನಂದಿನಿ ನನ್ನ ಮುಖ ನೋಡಿದಳು. ಅವಳ ಕೆಮ್ಮಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಮನೆ ಮಾರಿದಿರಲ್ಲ ಆಂಟಿ, ನಿಂಬೆಹಣ್ಣು ಎಲ್ಲಿಯದು ಎಂದು ಕೇಳಿದ್ದು ನನಗೆ ನೆನಪಿದೆ. ಬೇರೇನು ಕೇಳಬೇಕೆಂದು ತೋಚಿರಲಿಲ್ಲ.

"ಬರುವ ದಾರಿಯಲ್ಲೇ ಅಲ್ಲವೇ ನನ್ನ ಗಿಡ? ಕಿತ್ತುಕೊಂಡು ಬಂದೆ. ಇಲ್ಲಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಹತ್ತಕ್ಕೆ ಹೊರಡುತ್ತೇನೆ. ಇವರೆಲ್ಲ ಅಜ್ಜಿ ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದಾರೆ." ಸ್ವಲ್ಪ ನಕ್ಕರು. ಆಮೇಲೆ ದನಿ ತಗ್ಗಿಸಿ, "ಈ ಭಾನುವಾರವೂ ಹತ್ತಕ್ಕೇ ತಾನೆ?" ಎಂದರು.

ಹೇಳಬೇಕಾದ ಕ್ಷಣ ಅದೇ. ನಾನು ಬಾಯಿ ತೆರೆದೆ. "ಬನ್ನಿ ಆಂಟಿ" ಎಂದೆ.

ಫೋನಿಟ್ಟ ಮೇಲೆ ಇಬ್ಬರೂ ಗ್ಯಾರೇಜಿಗೆ ಹೋದೆವು. ನಂದಿನಿ ಬಾಗಿಲಲ್ಲೇ ನಿಂತಳು. ಮೂಲೆ ಒತ್ತಿ ಹಿಡಿದು ಕುಟ್ಟಿದೆ. ಪೆಟ್ಟಿಗೆ ಬಾಯಿ ತೆರೆಯಿತು. ಒಂದು ನಿಂಬೆಹಣ್ಣು, ತೊಟ್ಟಿನಲ್ಲಿ ಎರಡು ಎಲೆ. ಎಲೆ ಬಾಡಿರಲಿಲ್ಲ. ಸಿಡ್ನಿಯಲ್ಲೂ ಪ್ರತಿ ಹಿತ್ತಲಿನಲ್ಲಿ ನಿಂಬೆಗಿಡವಿದೆ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ನಂದಿನಿ ಹಣ್ಣನ್ನು ಮೂಸಿ ನೋಡಿದಳು, ಸೆರಗಿಲ್ಲದ್ದರಿಂದ ಟೀ-ಷರ್ಟಿನ ಅಂಚಿಗೇ ಒರೆಸಿದಳು.

"ಮೆಲ್ಬರ್ನಲ್ಲಿ ಅವರನ್ನ ಕರೆದಿದ್ರಾ?"

"ಮಾತಿಗೆ ಕರೆದೆ."

"ಈಗ?"

"ಈಗಲೂ ಮಾತಿಗೇ."

"ಮಾತಿಗೋ ಎಂತಕ್ಕೋ, ಕರೆದಾಯ್ತಲ್ಲ. ಅವರು ಬರಿಗೈಲೂ ಬಂದಿಲ್ಲ. ಮನೆ ಬಾಗಿಲಿಗೆ ಬಂದವರನ್ನ ಎರಡು ತಿಂಗಳಿಂದ ಹೊರಗಿಂದ್ಹೊರಗೇ ಕಳಿಸಿದೀರಿ, ಒಂದು ಲೋಟ ಕಾಫಿ ಇಲ್ಲ. ಏನಂದ್ಕೊಂಡಿರ್ತಾರೆ ನಮ್ಮನ್ನ?" ಎಂದಳು. ಭಯ ಹೋಗಿತ್ತೆಂದು ನಾನು ಬರೆಯಲಾರೆ, ಅವಳ ಕೈ ತಣ್ಣಗಿತ್ತು. ಅದೇ ಕೈಯಲ್ಲಿ ಗಿರಾಕಿಗೆ ಬರಬೇಡಿ ಎಂದು ಮೆಸೇಜ್ ಕಳಿಸಿದಳು.

ಆ ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ನಂದಿನಿ ಫ್ಲಾಸ್ಕು ಮತ್ತು ಮೂರು ಲೋಟ ಹಿಡಿದು ಬಂದಳು. ನಮ್ಮ ಕಾರಿಗೆ ಇರುವುದು ಎರಡೇ ಬಾಗಿಲು, ಹಿಂದೆ ಕೂರಬೇಕಾದರೆ ಮುಂದಿನ ಸೀಟನ್ನು ಮಡಿಸಬೇಕು. ಬಲಗಡೆಯ ಬಾಗಿಲು ಅವಳ ಎದುರಿಗೇ ಇತ್ತು. ಅವಳು ಸುತ್ತು ಹಾಕಿ ಬಂದು, ಬೆಲ್ಟು ಹಾಕಿಕೊಂಡು ಕುಳಿತಿದ್ದ ನನ್ನನ್ನು ಕೆಳಗಿಳಿಸಿ, ನನ್ನ ಸೀಟು ಮಡಿಸಿ ಹಿಂದೆ ಹೋಗಿ ಕುಳಿತಳು. ಸಮುದ್ರದವರೆಗೆ ಹೋಗಿ ಊಟದ ಹೊತ್ತಿಗೆ ಮರಳಿದೆವು. ಕೀ ತೆಗೆದೆ, ಎಂಜಿನ್ ಆರು ಸೆಕೆಂಡು ಓಡಿ ನಿಂತಿತು, ಸೀಟು ಉಸ್ಸೆಂದಿತು. ಲಾಗ್‌ಬುಕ್ಕಿನಲ್ಲಿ ದಿನಾಂಕ ಬರೆದೆ. ಒಳಗೆ ನಂದಿನಿ ಮೂರು ಲೋಟ ತೊಳೆದು ಬೋರಲು ಹಾಕಿದಳು.

ಕುಲಕರ್ಣಿ ಅಂಕಲ್ ನೀರಿನ ನಲ್ಲಿ ನಿಲ್ಲಿಸಿ ಬೀದಿ ದಾಟಿ ಬಂದರು.

"ಭಾಳ ಚಲೋ ಆತ್ರೀ, ಇವತ್ತ ಮನಿಯವ್ರನ್ನೂ ಕರಕೊಂಡು ಹೋದ್ರಿ. ಮುಂದ ಅಜ್ಜಿಯವ್ರು, ಹಿಂದ ನಿಮ್ಮವ್ರು, ಇಬ್ರೂ ನಕ್ಕೋತ ಹೊಂಟಿದ್ರು, ಕಣ್ಣಾರೆ ಕಂಡೆ" ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಅಲ್ರೀ, ನೀವ್ ಹೋಗಿದ್ದಿಲ್ಲೇನು?"