ಒರತೆ ಬತ್ತಿದ ದಿನ

ಇದು ನಡೆದದ್ದೇ. ಒಂದು ಮಾತು ಸುಳ್ಳಾದರೂ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳದಿರಲಿ.

ಬೇಕರಿಯ ಭಟ್ಟಿಯ ಮುಂದೆ ಹನ್ನೊಂದು ವರ್ಷ ಬೆಂದ ಆಸಾಮಿಯನ್ನು ಎಲ್ಲರೂ ಒರತೆ ಎಂದೇ ಕರೆಯುತ್ತಿದ್ದರು. ಬೆವರು ಹಾಗೆ. ಅವನು ನಿಂತ ಜಾಗವನ್ನು ನೆಲ ಒರೆಸುವಾಕೆ ಎರಡೆರಡು ಸಲ ಒರೆಸಬೇಕಿತ್ತು. ಅವತ್ತು ಮಧ್ಯಾಹ್ನ, ಬೇಕರಿ ಕೊಂಡ ಹೊಸ ಯಜಮಾನರು ಮೊದಲ ಸಲ ಬಂದು, ಆಳುಗಳನ್ನು ನೋಡಿ, ಒಬ್ಬನನ್ನು ಕೇಕಿಗೆ ಕ್ರೀಮ್ ಹಚ್ಚುವ ಎ.ಸಿ. ರೂಮಿಗೆ ಹಾಕುವವರಿದ್ದರು. ಆ ತಂಪು ಒರತೆಯ ಕನಸಿನಲ್ಲೂ ಬರುತ್ತಿತ್ತು.

"ಕ್ರೀಮಿನ ಮೇಲೆ ಬೆವರು ತೊಟ್ಟಿಕ್ಕೋನನ್ನ ಯಾರು ಸೇರಿಸ್ತಾರೆ, ಭಾವ?" ಎಂದ ಹೆಂಡತಿಯ ತಮ್ಮ. ಪಕ್ಕದ ಕ್ಷೌರದಂಗಡಿ ಅವನದು. ಕೇಳದಿದ್ದರೂ ಮದ್ದು ಹೇಳುವ ಪೈಕಿ. "ಚರ್ಮ ಅಂದ್ರೆ ಏನು? ಸೋರೋ ಸೂರು. ತೂತು ಮುಚ್ಚಿದ್ರೆ ಮುಗೀತು!"

ಗಡ್ಡ ಹೆರೆದ ಮೇಲೆ ಉಜ್ಜುವ ಪಟಿಕದ ಗಟ್ಟಿಯನ್ನು ಭಾವನ ಮುಖಕ್ಕೆ, ಕತ್ತಿಗೆ ಎಂಟು ಸಲ ತಿಕ್ಕಿದ. ಕೇಕ್ ಸುತ್ತುವ ಪ್ಲಾಸ್ಟಿಕ್ಕನ್ನು ಕಂಕುಳಿಂದ ಪಾದದವರೆಗೆ ಸುತ್ತಿ, ಟೇಪು ಬಿಗಿದು, ಮೇಲೆ ಅಂಗಿ ಪ್ಯಾಂಟು ಏರಿಸಿದ. ಒರತೆ ಹೆಜ್ಜೆಯಿಟ್ಟರೆ ಹಪ್ಪಳ ಮುರಿದ ಸದ್ದು.

"ಅಲ್ಲಾಡ್ಬೇಡ ಭಾವ. ರೂಮು ನಿಂದೇ!"

ಒರತೆ ಎದೆಯುಬ್ಬಿಸಿ ಭಟ್ಟಿಯ ಮುಂದೆ ನಿಂತ. ಯಜಮಾನರು ಬಂದರು. ಹಿಟ್ಟು ನಾದುವವನು ಬೆವರಿ ತೊಪ್ಪೆಯಾಗಿದ್ದ. ಒರತೆಯ ಮುಖ ಮಾತ್ರ ಬನ್ನಿನ ನೆತ್ತಿಯಂತೆ ಕೆಂಪಗೆ, ಒಣಗಿತ್ತು. ಯಜಮಾನರು ಅವನನ್ನು ಎರಡು ಸುತ್ತು ಸುತ್ತಿ, "ಅರೇ!" ಎಂದು ಒಳಕೋಣೆಗೆ ನಡೆದರು.

ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಯಜಮಾನರು ಒರತೆಯ ಕಣ್ಣಿಗೆ ನಾಲ್ವರಾಗಿ ಕಂಡರು. ಬೂಟಿನೊಳಗೆ ಪಚಪಚ, ತಲೆಯೊಳಗೆ ಇನ್ನೊಂದು ಭಟ್ಟಿ. ಕೈಯಲ್ಲಿದ್ದ ಬನ್ನಿನ ತಟ್ಟೆ ಸಮೇತ ಧೊಪ್ಪೆಂದು ಬಿದ್ದ.

ಬ್ರೆಡ್ ಕೊಳ್ಳಲು ಬಂದಿದ್ದ ನರ್ಸಕ್ಕ ಓಡಿಬಂದು ಹಣೆ ಮುಟ್ಟಿ, ಕಾದ ಹೆಂಚು ಮುಟ್ಟಿದವಳಂತೆ ಕೈ ಹಿಂದೆಗೆದಳು. ಪ್ಲಾಸ್ಟಿಕ್ ಕತ್ತರಿಸಿದರೆ ಬೆವರು ದಳದಳ ಸುರಿಯಿತು.

"ಯಾವ ಮಹಾನುಭಾವ ಸುತ್ತಿದ್ದು ಇದನ್ನ?"

ಭಾವಮೈದನಿಗೆ ತಟ್ಟನೆ ಗಿರಾಕಿಗಳು ನೆನಪಾದರು. ಮಾಯವಾದ.

"ಚರ್ಮ ಹೊರಗಿನ ಕೊಳೆಗೆ, ರೋಗಕ್ಕೆ ಬೇಲಿ. ಒಳಗಿನ ಕಾವಿಗೆ ಕಿಟಕಿ. ಬೆವರು ಬಂದ್ರೆ ಸಾಲದು ಮಾರಾಯ, ಗಾಳಿಗೆ ಆರಬೇಕು, ಆಗಲೇ ಮೈ ತಣಿಯೋದು. ನೀನು ಕಿಟಕಿಗೇ ಹಲಗೆ ಹೊಡ್ಕೊಂಡಿದ್ದೀಯಲ್ಲ!"

ನರ್ಸಕ್ಕ ಎರಡು ಬಕೆಟ್ ನೀರು ಸುರಿದು, ಫ್ಯಾನಿನ ಕೆಳಗೆ ಕೂರಿಸಿ, ಅವನು ನೆಟ್ಟಗೆ ಮಾತಾಡುವವರೆಗೂ ಕಾದು, ಪ್ಲಾಸ್ಟಿಕ್ಕನ್ನು ತಾನೇ ಕಸಕ್ಕೆ ಎಸೆದು ಹೋದಳು.

ಯಜಮಾನರು ಹೊರಬಂದರು.

"ಎ.ಸಿ. ರೂಮು ಹಿಟ್ಟಿನವನಿಗೆ. ಪಾಪ, ಬೆವರಿ ಬೆಂಡಾಗಿದ್ದಾನೆ. ನೀನು ಬಿಡಯ್ಯ, ಉರಿಯೋ ಭಟ್ಟಿ ಮುಂದೆ ಒಂದು ಹನಿ ಬೆವರಿಲ್ಲ! ಇಂಥ ಆಳನ್ನ ತಂಪಲ್ಲಿಟ್ಟು ಹಾಳು ಮಾಡ್ತಾರಾ? ನಾಳೆ ಬರೋ ಎರಡನೇ ಭಟ್ಟಿನೂ ನಿಂಗೇ!"

"ಅಯ್ಯೋ ಸ್ವಾಮಿ, ನಾನೂ ಬೆವರ್ತೀನಿ! ನೋಡಿ, ಮೈಯೆಲ್ಲ ನೀರು!"

ಯಜಮಾನರು ಖಾಲಿ ಬಕೆಟ್ಟುಗಳನ್ನು ನೋಡಿ ನಕ್ಕರು. "ಕೆಲಸ ತಪ್ಪಿಸೋಕೆ ಸ್ನಾನ ಮಾಡ್ಕೊಂಡು ಬೆವರು ಅಂತೀಯಾ, ಕಳ್ಳ!"

ಇವತ್ತಿಗೂ ಅವನು ಎರಡು ಭಟ್ಟಿಗಳ ನಡುವೆ ಹರಿಯುತ್ತಿದ್ದಾನೆ. ನಂಬುವುದು ಬಿಡುವುದು ನಿಮ್ಮಿಷ್ಟ. ಕತೆ ಹೇಳಿ ನನಗೂ ಸೆಕೆಯಾಯಿತು. ಏಳಿ, ಫ್ಯಾನಿನ ಕೆಳಗಿನ ಆ ಕುರ್ಚಿ ಬಿಡಿ.